ಅತ್ತೆಗೊಂದು ಬೆಕ್ಕು

ಬೀದಿಯ ಆ ತುದಿಯಲ್ಲಿ ಬೆಕ್ಕು ಹಾದುಹೋದರೂ ಶಿವಲಿಂಗಂನ ಮೂಗಿಗೆ ಗೊತ್ತಾಗಿ ಸೀನು ಶುರುವಾಗಿಬಿಡುತ್ತಿತ್ತು. ಅಂಥವನಿಗೆ ರಜೆಯ ದಿನ ಬೆಳಿಗ್ಗೆ ಹೆಂಡತಿ ಗೋಕಿಲಾ ಕಾಫಿಯ ಜೊತೆಗೇ ಸಿಡಿಲು ತಂದಿಟ್ಟಳು.

"ಅಮ್ಮನಿಗೆ ಬೆಕ್ಕು ಬೇಕಂತೆ. ಇಲ್ಲಾಂದ್ರೆ ಊರಿಗೆ, ವೆಳ್ಳಕೋಯಿಲ್‌ಗೆ ವಾಪಸ್ ಹೋಗ್ತಾಳಂತೆ."

ಅತ್ತೆ ಗಿರಿಜಮ್ಮ ಸಿಂಗಾನಲ್ಲೂರಿನ ಈ ಮನೆಗೆ ಬಂದು ಕೆಲವೇ ತಿಂಗಳು. ಅವರ ಕಡೆ ಅತ್ತೆ ಅಳಿಯನ ಜೊತೆ ನೇರ ಮಾತಾಡುವ ಪದ್ಧತಿಯಿಲ್ಲ. ಏನೇ ಇದ್ದರೂ ಮಗಳ ಮೂಲಕ. ಮಗಳು ಹತ್ತಿರ ಇಲ್ಲದಿದ್ದರೆ ನಡುಮನೆಯ ಕಂಬಕ್ಕೆ. ಶಿವಲಿಂಗಂ ಮಿಲ್ಲಿನಿಂದ ದಣಿದು ಬಂದರೆ, "ಅನ್ನ ಆರ್ತಾ ಇದೆ" ಎಂದು ಕಂಬಕ್ಕೆ ಹೇಳುವರು. ಸಣ್ಣವನಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು ಅವನು. ಬಿಸಿ ಅನ್ನ ಇಟ್ಟುಕೊಂಡು ಕಾಯುವ ಜೀವ ಹೊರಟುಹೋದರೆ ಎಂದು ನೆನೆದವನೇ ಕಾಫಿ ಲೋಟ ಕೆಳಗಿಟ್ಟ.

"ತರ್ತೀನಿ" ಎಂದ.

"ಎಲ್ಲಾ ಬೆಕ್ಕೂ ಒಂದೇ ಥರ ಅಲ್ಲಣ್ಣ. ಮೂಗಿನ ಹತ್ರ ಹಿಡಿದು ನೋಡಿ, ಯಾವುದಕ್ಕೆ ಸೀನು ಕಮ್ಮಿಯೋ ಅದನ್ನ ತಗೊಳ್ಳಿ" ಎಂದ, ಅವನು ಉಪಾಯ ಕೇಳಲು ಹೋದ ಔಷಧಿ ಅಂಗಡಿಯವನು. ಅಲ್ಲೇ ನಿಂತಿದ್ದ ಪಕ್ಕದ ಮನೆಯ ವೇಲುಸಾಮಿ ಯಾರೂ ಕರೆಯದೆಯೇ ಬೈಕ್ ತೆಗೆದ.

ಮೊದಲು ಹಿಂದಿನ ಬೀದಿಯ ಜಾನಮ್ಮನ ಬಿಳಿ ಬೆಕ್ಕು. ಶಿವಲಿಂಗಂ ಸೀನಿದ ರಭಸಕ್ಕೆ ಬೆಕ್ಕು ಅಟ್ಟ ಹತ್ತಿತು, ಒಣಗಲು ಹಾಕಿದ್ದ ಹಪ್ಪಳ ಅಂಗಳ ತುಂಬಾ ಹಾರಿತು.

"ಬೆಕ್ಕು ಕೇಳೋಕೆ ಬಂದ್ಯೋ, ಮನೆ ಕೆಡವೋಕೆ ಬಂದ್ಯೋ?" ಎಂದು ಜಾನಮ್ಮ ಪೊರಕೆ ಹುಡುಕಿದಳು.

ಅಲ್ಲಿಂದ ಉಕ್ಕಡಂ ಮೀನು ಮಾರ್ಕೆಟ್. ಮೀನಿನ ಮಾರಿಯಮ್ಮ ಆಗಷ್ಟೇ ಬುಟ್ಟಿ ಬಿಚ್ಚಿದ್ದಳು. ಪಕ್ಕದಲ್ಲೇ ಪೊಗದಸ್ತಾದ ತಾಯಿಬೆಕ್ಕು. ಶಿವಲಿಂಗಂ ಬಗ್ಗಿ ಮೂಸಿದ, ಒಮ್ಮೆ ಸೀನಿದ.

"ಅಯ್ಯಯ್ಯೋ, ಬೋಣಿ ಆಗೋ ಮುಂಚೆ ಒಂಟಿ ಸೀನಾ!" ಮಾರಿಯಮ್ಮ ಅವನ ಅಂಗಿ ಹಿಡಿದಳು. "ಇನ್ನೊಂದು ಸೀನದೆ ಇಲ್ಲಿಂದ ಅಲ್ಲಾಡಬೇಡ!"

ಬೇಡದಾಗ ಬರುವ ಸೀನು ಬೇಕೆಂದಾಗ ಬರುತ್ತದೆಯೇ? ವೇಲುಸಾಮಿ ಬೆಕ್ಕನ್ನೆತ್ತಿ ಗೆಳೆಯನ ಮುಖಕ್ಕೆ ಟವೆಲ್ಲಿನಂತೆ ಒರೆಸಿದ. ಆಮೇಲೆ ಬಂದದ್ದು ದೀಪಾವಳಿಯ ಸರಪಟಾಕಿ. ಮಾರಿಯಮ್ಮ ಬೆರಳು ಮಡಿಚಿ ಎಣಿಸಿ, ಜೋಡಿ ಸರಿಹೋದ ಮೇಲೆ ನಕ್ಕಳು.

"ಇದರ ಮರಿ ತಗೊಂಡು ಹೋಗು. ಸಣ್ಣ ಬೆಕ್ಕಿಗೆ ಸಣ್ಣ ಸೀನು."

ಬೂದು ಮರಿಯನ್ನು ಮೂಸಿದಾಗ ಅವನಿಗೆ ನಿಜಕ್ಕೂ ಸಣ್ಣ ಸೀನೇ ಬಂತು. "ಹೆಣ್ಣು ಒಪ್ಪಿಗೆ!" ಎಂದು ವೇಲುಸಾಮಿ ತೀರ್ಪು ಕೊಟ್ಟ.

ಊದಿದ ಕಣ್ಣಲ್ಲಿ ಶಿವಲಿಂಗಂ ಮರಿಯಿದ್ದ ಬುಟ್ಟಿಯನ್ನು ಅತ್ತೆಯ ಮುಂದಿಟ್ಟ. ಗಿರಿಜಮ್ಮ ಸೆರಗಿನಿಂದ ಮೂಗು ಮುಚ್ಚಿ ಕಂಬದ ಹಿಂದೆ ಸರಿದರು.

"ಆಕ್ಷೀ!"

ಸೀನಿದ್ದು ಅವನಲ್ಲ. ಮರುಕ್ಷಣ ಅವನೂ ಸೀನಿದ. ಗಿರಿಜಮ್ಮ ಕಂಬವನ್ನು ಮರೆತು ಅಳಿಯನನ್ನೇ ನೋಡಿ ಕರೆದರು.

"ಮಾಪಿಳ್ಳೆ... ನಿಮಗೂನಾ?"

"ಅತ್ತೆ, ನಿಮಗೆ ಬೆಕ್ಕು ಬೇಕು ಅಂತ..."

"ನನಗಾ? ನಿಮಗೇ ಆಸೆ, ಬೇಡ ಅಂದ್ರೆ ನೊಂದ್ಕೊಳ್ತೀರಿ ಅಂದ್ಳಲ್ಲ ಇವಳು!"

"ಮತ್ತೆ ವೆಳ್ಳಕೋಯಿಲ್‌ಗೆ ಹೊರಟಿದ್ದು?"

"ನಾನ್ಯಾಕೆ ಹೋಗ್ಲಿ? ನಿಮ್ಮ ಅನ್ನ ಬಿಸಿ ಇಡೋರು ಯಾರು?"

ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ಗೋಕಿಲಾ ಬುಟ್ಟಿಯಿಂದ ಮರಿಯನ್ನೆತ್ತಿ ಅಲ್ಲಿ ಮಡಿಲಿಗೆ ಹಾಕಿಕೊಂಡು, ಬೆರಳ ತುದಿಯಿಂದ ಹಾಲು ನೆಕ್ಕಿಸುತ್ತಿದ್ದಳು.

"ಚಿಕ್ಕಂದಿನಲ್ಲಿ ಅಮ್ಮ ಬಿಡ್ಲಿಲ್ಲ, ಮದುವೆ ಆದ್ಮೇಲೆ ನೀವು ಬಿಡ್ಲಿಲ್ಲ" ಎಂದಳು ತಲೆಯೆತ್ತದೆ. "ನೀವಿಬ್ರೂ ಮಾತಾಡ್ಕೊಂಡಿದ್ರೆ ಈ ಜನ್ಮಕ್ಕೆ ನಂಗೆ ಬೆಕ್ಕು ಸಿಗ್ತಿತ್ತಾ?"

ಮರಿ ಅವಳ ಸೆರಗಿನೊಳಗೆ ನಿದ್ದೆಹೋಯಿತು. ಅದನ್ನು ವಾಪಸ್ ಕೊಡಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಅಂದಿನಿಂದ ನಡುಮನೆ ಬೆಕ್ಕಿನದು, ಅಳಿಯ-ಅತ್ತೆಯರ ಊಟ ಹೊರಗೆ ಜಗಲಿಯ ಮೇಲೆ. ನಡುವೆ ಇಬ್ಬರಿಗೂ ಸೇರಿ ಒಂದೇ ಅಲರ್ಜಿ ಮಾತ್ರೆಯ ಸ್ಟ್ರಿಪ್.

"ಅನ್ನ ಆರ್ತಾ ಇದೆ, ಮಾಪಿಳ್ಳೆ" ಎಂದರು ಗಿರಿಜಮ್ಮ, ಮೂಗೊರೆಸಿಕೊಳ್ಳುತ್ತಾ.

ಜಗಲಿಯಲ್ಲಿ ಕಂಬ ಇರಲಿಲ್ಲ.