ಭಾವನ ಪೆಟ್ಟಿಗೆಯೂ ಅಕ್ಕನ ಶ್ರುತಿಯೂ

ನಮ್ಮ ಭಾವನಿಗೆ ಕಿವಿ ಎರಡಲ್ಲ, ನಾಲ್ಕಿವೆ ಎಂಬುದು ನನ್ನ ಬಹುಕಾಲದ ಗುಮಾನಿ. ಅಡುಗೆಮನೆಯಿಂದ ಅಕ್ಕ "ರೀ, ಒಂದೆಸಳು ಕರಿಬೇವು ಕಿತ್ಕೊಂಡು ಬನ್ನಿ" ಎಂದು ಮೂರು ಸಲ ಕೂಗಿದರೂ ಅವರಿಗೆ ಕೇಳಿಸುವುದಿಲ್ಲ. ಅದೇ ನಡುಮನೆಯ ರೆಕಾರ್ಡ್ ಪ್ಲೇಯರು 'ಗುಂಯ್' ಎನ್ನಲಿ, ಬೀದಿಯ ತುದಿಯಲ್ಲಿದ್ದರೂ ಪಂಚೆ ಎತ್ತಿ ಕಟ್ಟಿ ಓಡಿ ಬರುತ್ತಾರೆ! ಇನ್ನೆರಡು ಕಿವಿ ಇಲ್ಲದೆ ಇದು ಸಾಧ್ಯವೇ, ನೀವೇ ಹೇಳಿ.

ಭಾವ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಟಲೊಟ ಎಂದರೆ "ಆಗೈತೆ, ಸುಲೀರಿ" ಎಂದು ತೀರ್ಪು. ಆ ತೀರ್ಪು ಎಂದೂ ತಪ್ಪಿದ್ದಿಲ್ಲ. ಹಾಗಾಗಿ ತಮ್ಮ ಕಿವಿಯೂ ತಪ್ಪುವುದಿಲ್ಲ, ತಾವು ಕೂಡಿಸಿದ ಯಂತ್ರವೂ ತಪ್ಪುವುದಿಲ್ಲ ಎಂಬುದು ಅವರ ಸಿದ್ಧಾಂತ.

ಅವರ ಬಳಿ ಕಪಾಟಿನ ತುಂಬ ಹಳೆಯ ರೆಕಾರ್ಡುಗಳಿವೆ. ಆದರೆ ಅವರ ಜೀವವಿರುವುದು ಒಂದರಲ್ಲಿ ಮಾತ್ರ. ಅದು ಬೇಲೂರಿನ ನಮ್ಮ ಸಂಗೀತದ ಮೇಷ್ಟ್ರು ಹಾಡಿದ ವಚನಗಳದ್ದು. ಅಕ್ಕ ಆಗ ಹದಿಮೂರು ವರ್ಷದ ಹುಡುಗಿ, ಮೇಷ್ಟ್ರ ಶಿಷ್ಯೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಅವರ ಪಕ್ಕ ಕೂತು ಶ್ರುತಿಪೆಟ್ಟಿಗೆ ಒತ್ತಿದವಳು ಅವಳೇ. ರೆಕಾರ್ಡಿನ ರಟ್ಟಿನ ಹೊದಿಕೆಯ ಮೇಲೆ ತಬಲದವರ ಹೆಸರಿದೆ, ಪಿಟೀಲಿನವರ ಹೆಸರಿದೆ, ಅಕ್ಕನದಿಲ್ಲ. ಹೋಗಲಿ, ಶ್ರುತಿಯಾದರೂ ಕೇಳಿಸುತ್ತದೆಯೇ? ಅದೂ ಇಲ್ಲ. ಪ್ಲೇಯರಿನ ಗುಂಯ್‌ನಲ್ಲಿ ಪೂರ್ತಿ ಮುಳುಗಿಹೋಗಿತ್ತು. ಹೆಂಡತಿಯ ಶ್ರುತಿಯನ್ನು ಕೇಳಿಯೇ ತೀರುತ್ತೇನೆ ಎಂಬುದು ಭಾವನ ಹಟ.

"ಕೇಳ್ದಿದ್ರೇ ಒಳ್ಳೇದು ಬಿಡ್ರಿ" ಎನ್ನುತ್ತಿದ್ದಳು ಅಕ್ಕ. ನಾವೆಲ್ಲ ಅದನ್ನು ಸಂಕೋಚವೆಂದುಕೊಂಡು ನಗುತ್ತಿದ್ದೆವು.

ಮೊದಲು ಆಪಾದನೆ ಹೊತ್ತದ್ದು ಫ್ರಿಜ್ಜು. ಹಾಡು ಹಾಕಿದಾಗಲೆಲ್ಲ ಅದನ್ನು ಆರಿಸಿದರು, ಆಮೇಲೆ ಹಾಕಲು ಮರೆತರು. ಗುಂಯ್ ಹೋಗಲಿಲ್ಲ, ಒಂದು ಪಾತ್ರೆ ದೋಸೆ ಹಿಟ್ಟು ಹೋಯಿತು. ಆಮೇಲೆ ಪಕ್ಕದ ತೋಟದ ಬೋರ್‌ವೆಲ್ ಮೋಟರು. ತೋಟದ ಯಜಮಾನರು ಭಾವನ ಜೊತೆ ಸ್ಕೂಲಿನಲ್ಲಿ ಓದಿದವರು. ಭಾವ ಹೋಗಿ, "ನಾನು ರೆಕಾರ್ಡ್ ಹಾಕಿದಾಗ ಮೋಟರ್ ಆಫ್ ಮಾಡು ಕಣ್ಲಾ" ಎಂದರಂತೆ.

"ಏನ್ಲಾ, ನಿನ್ ಹಾಡಿಗೆ ನನ್ ತೆಂಗು ಒಣಗ್ಬೇಕೇನ್ಲಾ?"

ಮೋಟರೂ ಬಗ್ಗಲಿಲ್ಲವಾದ್ದರಿಂದ ಭಾವ ಭೂಮಿಯನ್ನೇ ಹಿಡಿದರು. ಅರ್ಥಿಂಗ್ ಸರಿಯಿಲ್ಲವಂತೆ! ಹಿತ್ತಲಲ್ಲಿ ಆಳೆತ್ತರ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಮೇಲೊಂದು ಸಿಮೆಂಟಿನ ಕಟ್ಟೆ ಕಟ್ಟಿಸಿದರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅದಕ್ಕೆ ಎರಡು ಚೊಂಬು ನೀರು ಹೊಯ್ಯುವರು. ಹಳೇಬೀಡಿನಿಂದ ಬಂದಿದ್ದ ನಮ್ಮ ಸೋದರತ್ತೆ ಇದನ್ನು ನೋಡಿ, ಒಂದು ದಾಸವಾಳ ಇಟ್ಟು ಭಕ್ತಿಯಿಂದ ಕೈಮುಗಿದರು.

"ಇದು ಯಾರ ಗದ್ದುಗೆ ಮಗಳೇ?"

"ನಮ್ಮೆಜಮಾನ್ರ ಬುದ್ಧಿ ಐಕ್ಯ ಆದ ಜಾಗ ಅತ್ತೆ" ಎಂದಳು ಅಕ್ಕ.

ಕೊನೆಗೆ ತಪ್ಪಿತಸ್ಥನನ್ನು ಹಿಡಿದುಕೊಟ್ಟವನು ಒಬ್ಬ ರೇಡಿಯೋ ರಿಪೇರಿಯವನು. ರೆಕಾರ್ಡಿನ ಮುಳ್ಳು ಹೊರಡಿಸುವ ಸದ್ದು ತೀರಾ ಸಣ್ಣದಂತೆ. ಅದನ್ನು ಎತ್ತಿ ಆಂಪ್ಲಿಫೈಯರಿಗೆ ಒಪ್ಪಿಸಲು ನಡುವೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಅದರ ಹೆಸರು ಫೋನೋ ಪ್ರೀಆಂಪ್. ಮದುವೆ ದಲ್ಲಾಳಿ ಎಂದುಕೊಳ್ಳಿ, ಆ ಕಡೆಯವರ ಪಿಸುಮಾತನ್ನು ಈ ಕಡೆಯವರಿಗೆ ದೊಡ್ಡದು ಮಾಡಿ ಮುಟ್ಟಿಸುವವನು. ಭಾವನ ಹಳೆಯ ದಲ್ಲಾಳಿ ತನ್ನದೂ ಒಂದು ಗುಂಯ್ ಸೇರಿಸಿ ಮುಟ್ಟಿಸುತ್ತಿದ್ದ, ಅಷ್ಟೇ. ಹಾಗಾದರೆ ತಪ್ಪು ಪೆಟ್ಟಿಗೆಯದೇ ಎಂದು ಭಾವ ಒಪ್ಪಿದರೇ? ಎಲ್ಲಾದರೂ ಉಂಟೆ! "ಅದುಕ್ಕೆ ವಯಸ್ಸಾಗೈತೆ ಕಣಯ್ಯ, ತಪ್ಪು ಅನ್ಬಾರ್ದು" ಎಂದು ನನಗೇ ಬುದ್ಧಿ ಹೇಳಿದರು.

ಹೊಸ ಪ್ರೀಆಂಪ್ ಪಾರ್ಸೆಲ್ಲಿನಲ್ಲಿ ಬಂದ ಭಾನುವಾರ ನಾನು ಬೇಲೂರಿನಿಂದ ಬಸ್ಸು ಹತ್ತಿ ಹಾಜರಾದೆ. ಭಾವ ಅದನ್ನು ಹೊರತೆಗೆದು ಮೊದಲು ಮಾಡಿದ ಕೆಲಸವೇನು ಗೊತ್ತೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು! ಒಳಗೆ ಏನೋ ಲೊಟಲೊಟ ಎಂದಿತು. ಮುಖ ಅರಳಿತು.

"ಕೇಳ್ದಾ? ಪಸಂದಾಗೈತೆ ಮಾಲು!"

"ಭಾವ, ಕಾಯಿ ಅಲ್ಲಾಡಿದ್ರೆ ಸರಿ, ಕರೆಂಟಿನ ಪೆಟ್ಟಿಗೆ ಅಲ್ಲಾಡಬಹುದಾ?"

ಬಿಚ್ಚಿ ನೋಡಿದರೆ ಒಂದು ಸ್ಕ್ರೂ ಕಳಚಿಕೊಂಡು ಓಡಾಡುತ್ತಿತ್ತು. ಅದನ್ನು ಬಿಗಿದು, ವೈರು ಜೋಡಿಸಿ, ರೆಕಾರ್ಡಿನ ಮೇಲೆ ಮುಳ್ಳಿಟ್ಟರು.

ಗುಂಯ್ ಇಲ್ಲ! ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗಿಂದ ಮೆಲ್ಲಗೆ ಶ್ರುತಿ ಎದ್ದು ಬಂತು. ಹದಿಮೂರರ ನಮ್ಮಕ್ಕ ಒತ್ತಿದ ಶ್ರುತಿ. ಅದರ ಮೇಲೆ ಮೇಷ್ಟ್ರ ದನಿ. ಭಾವ ಕಣ್ಣು ಮುಚ್ಚಿಕೊಂಡರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಎರಡನೆಯ ವಚನದ ನಡುವೆ ಶ್ರುತಿ ಒಮ್ಮೆ ಕುಸಿದು, ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಹಿಡಿದುಕೊಂಡಿತು.

ಅಕ್ಕನ ಮುಖ ಬಿಳಿಚಿತು.

"ಕೇಳುಸ್ತಾ? ಅಲ್ಲೇ ನಾನು ಕೈ ಬಿಟ್ಟಿದ್ದು. ಗೋಡೆ ಮೇಲೆ ಕೆಂಪು ದೀಪ ಉರೀತಿತ್ತು, ಅದುನ್ನೇ ನೋಡ್ತಾ ಮೈಮರೆತ್ಬಿಟ್ಟೆ. ಮೇಷ್ಟ್ರು ಒಂದು ಮಾತೂ ಅನ್ಲಿಲ್ಲ. ಆದ್ರೆ ಆಮೇಲೆ ನನ್ನ ಯಾವತ್ತೂ ಕರೀಲಿಲ್ಲ. ನಾನೂ ಹಾಡೋದು ಬಿಟ್ಟೆ. ಅದುಕ್ಕೇ ಬೇಡ ಅಂದಿದ್ದು, ನೀವು ಕೇಳಿದ್ರಾ?"

ಇಷ್ಟು ವರ್ಷ ನಾವು ನಕ್ಕದ್ದು ಇದಕ್ಕೆ! ನನಗೆ ತಲೆಯೆತ್ತಲಾಗಲಿಲ್ಲ.

ಭಾವ ಮುಳ್ಳು ಎತ್ತಿದರು. ಪೆಟ್ಟಿಗೆಯನ್ನು ಒಮ್ಮೆ ನೋಡಿದರು, ಅಕ್ಕನನ್ನು ಒಮ್ಮೆ ನೋಡಿದರು. ಫ್ರಿಜ್ಜನ್ನು, ಮೋಟರನ್ನು, ಭೂಮಿತಾಯಿಯನ್ನೇ ದೂರಿದರೂ ತಮ್ಮ ಯಂತ್ರದ ತಪ್ಪನ್ನು ಒಪ್ಪದಿದ್ದ ಮನುಷ್ಯ ಹೇಳಿದರು:

"ನೀನೆಲ್ಲೇ ಕೈ ಬಿಟ್ಟೆ? ಈ ಪೆಟ್ಟಿಗೇದೇ ದೋಷ. ಅಲ್ಲಲ್ಲಿ ಸದ್ದು ನುಂಗ್ತೈತೆ. ಸ್ಕ್ರೂ ಕಳಚಿತ್ತಲ್ಲ, ಇವ್ನೇ ಸಾಕ್ಷಿ. ನಾಳೆನೇ ವಾಪಸ್ ಕಳುಸ್ತೀನಿ."

"ಹೌದಾ?" ಎಂದಳು ಅಕ್ಕ, ನನ್ನ ಕಡೆ ತಿರುಗಿ.

"ಹೌದಕ್ಕಾ, ಕೆಟ್ಟ ಮಾಲು" ಎಂದೆ. ಅಷ್ಟು ಒಳ್ಳೆಯ ಮಾಲನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಕ್ಕ ನಂಬಿದಳೋ ಇಲ್ಲವೋ ತಿಳಿಯದು. ಇಬ್ಬರನ್ನೂ ಒಂದು ಗಳಿಗೆ ನೋಡಿ ಒಳಗೆ ಹೋದಳು. ನಾವು ಪೆಟ್ಟಿಗೆಯನ್ನು ಮತ್ತೆ ಪಾರ್ಸೆಲ್ಲಿನ ರಟ್ಟಿನ ಡಬ್ಬಿಯೊಳಗಿಟ್ಟೆವು. ನಾನು ಅಂಟಿಸಲೆಂದು ಟೇಪನ್ನು ಪರ್ರನೆ ಎಳೆದೆ. ಭಾವ ಥಟ್ಟನೆ ನನ್ನ ಕೈ ಹಿಡಿದು, ಬಾಯಿಯ ಮೇಲೆ ಬೆರಳಿಟ್ಟರು. ಅಡುಗೆಮನೆಯಲ್ಲಿ ಅಕ್ಕ ಆ ಎರಡನೆಯ ವಚನವನ್ನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.