ಮಾಸ್ತರರು ಬರೆದ ಐಬು

ತನ್ನ ಬಗ್ಗೆ ಬೇರೆಯವರ ಅಭಿಪ್ರಾಯವೇನೆಂದು ತಿಳಿಯದಿರುವುದು ಒಂದು ಸುಖ. ಇಪ್ಪತ್ತೆರಡು ವರ್ಷ ಆ ಸುಖವನ್ನು ನಾನು ಜೋಪಾನ ಮಾಡಿಕೊಂಡಿದ್ದೆ. ಕೆಡಿಸಿದ್ದು ಧಾರವಾಡದ ಶಿಕ್ಷಕರ ತರಬೇತಿ ಕಾಲೇಜೊಂದರ ಅರ್ಜಿಯ ಕೊನೆಯ ಸಾಲು: ‘ಅರ್ಜಿದಾರರನ್ನು ಹತ್ತಿರದಿಂದ ಬಲ್ಲವರ ಪತ್ರವನ್ನು, ಇಷ್ಟವಿದ್ದರೆ, ಲಗತ್ತಿಸಬಹುದು.’ ಲಗತ್ತಿಸಲೇಬೇಕು ಎಂದಿದ್ದರೆ ಲಗತ್ತಿಸುತ್ತಿದ್ದೆ. ಬೇಡ ಎಂದಿದ್ದರೆ ನೆಮ್ಮದಿಯಿಂದಿರುತ್ತಿದ್ದೆ. ‘ಇಷ್ಟವಿದ್ದರೆ’ ಎಂದುಬಿಟ್ಟರು. ಎಲ್ಲರೂ ಲಗತ್ತಿಸಿ ನಾನೊಬ್ಬಳೇ ಬಿಟ್ಟರೆ? “ಒಂದ ಸಲ ಅರ್ಜಿ ಹಾಕು. ಸೀಟ ಸಿಗಲಿಲ್ಲಂದ್ರ ಸುಮ್ಮನ ಮನ್ಯಾಗಿರೂದು,” ಎಂದು ಅಪ್ಪ ಮೊದಲೇ ಹೇಳಿದ್ದರು.

ಆದರೆ ನನ್ನನ್ನು ಹತ್ತಿರದಿಂದ ಬಲ್ಲವರು ಯಾರು? ಬಿ.ಎ.ಯ ಪ್ರಾಧ್ಯಾಪಕರು ಹಾಜರಿ ಕರೆದಾಗಲೆಲ್ಲ ನನ್ನನ್ನು ಹುಡುಕಬೇಕಾಗುತ್ತಿತ್ತು. ಕೊನೆಗೆ ಗೋಕಾಕದಿಂದ ಅಂಕಲಗಿಯ ಬಸ್ಸು ಹತ್ತಿದೆ. ನಾವು ಆ ಊರಲ್ಲಿದ್ದಾಗ ನನಗೆ ಅಕ್ಷರ ಕಲಿಸಿದ ಮಾಸ್ತರರು ಅಲ್ಲಿದ್ದರು. ನಿವೃತ್ತರಾದ ಮೇಲೆ ಅವರ ಉದ್ಯೋಗ, ಮದುವೆಯ ಹುಡುಗ ಹುಡುಗಿಯರ ಬಗ್ಗೆ ಆಗಲಿರುವ ಬೀಗರಿಗೆ ಪತ್ರ ಬರೆದುಕೊಡುವುದು. ಅವರ ಪತ್ರ ಹೋದರೆ ಹುಕ್ಕೇರಿಯವರೆಗೂ ಯಾರೂ ಮರುಮಾತಾಡುತ್ತಿರಲಿಲ್ಲ. ಕಾರಣವಿಷ್ಟೇ: ಪ್ರತಿ ಪತ್ರದಲ್ಲೂ ಒಂದು ಐಬನ್ನು ಅವರು ತಪ್ಪದೆ ಬರೆಯುತ್ತಿದ್ದರು.

ನನ್ನ ಪತ್ರವನ್ನು ಬರೆದು, ಗಟ್ಟಿಯಾಗಿ ಓದಿದರು: “ಹುಡುಗಿಯ ಮಾತು ಕಡಿಮೆ. ಹಿರಿಯರಿಗೆ ಎದುರಾಡುವುದಿಲ್ಲ. ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ.”

“ಮಾಸ್ತರ್ರಿ, ಇದು ಕಾಲೇಜಿಗೆ. ರೊಟ್ಟಿ ಯಾಕ್ರಿ?”

“ಕಾಲೇಜಿನವರೇನ ಉಣ್ಣಂಗಿಲ್ಲೇನವಾ? ಕೇಳು. ಐಬು: ಹಟಮಾರಿ. ಹಿಡಿದದ್ದನ್ನು ಬಿಡುವುದಿಲ್ಲ.”

“ಅದನ್ನ ತಗೀರಿ.”

“ಐಬ ಇಲ್ಲದ ಪತ್ರ ಯಾರ ನಂಬ್ತಾರ? ಒಂದ ಲೆಕ್ಕಾ ಹಿಡಕೊಂಡು ಹೊತ್ತ ಮುಣಗೂತನಕಾ ಸಾಲ್ಯಾಗ ಕುಂತಿದ್ದಿ. ನಿನ್ನ ಕಾಲಾಗ ನಾನೂ ಉಪಾಸ!”

“ಪುಸ್ತಕದಾಗಿನ ಉತ್ತರಾನ ತಪ್ಪಿತ್ತರಿ.”

ಒಳಗಿಂದ ಮಾಸ್ತರರ ಹೆಂಡತಿ, “ಚಹಾ ಕುಡದ ಬಡದಾಡ್ರಿ, ಆರತೈತಿ,” ಎಂದರು. ಮೂರು ಸಲ ಚಹಾ ಆಯಿತು. ಎರಡು ಬಸ್ಸು ಹೋದವು. ಮಾಸ್ತರರು ನಿಬ್ಬನ್ನು ಮತ್ತೆ ಮಸಿಯಲ್ಲಿ ಅದ್ದಿ, ‘ಮೇಲಿನ ಸಾಲನ್ನು ತೆಗೆಯಿರಿ ಎಂದು ಎರಡು ತಾಸು ವಾದಿಸಿದಳು’ ಎಂದು ಸೇರಿಸಿ, ಲಕೋಟೆಗೆ ಗೋಂದು ಹಚ್ಚಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ ಕೊಟ್ಟರು.

ನಾಲ್ಕು ದಿನ ಆ ಲಕೋಟೆಯನ್ನು ಟ್ರಂಕಿನಿಂದ ಕಪಾಟಿಗೆ, ಕಪಾಟಿನಿಂದ ಟ್ರಂಕಿಗೆ ಸಾಗಿಸಿದೆ. ಹರಿದುಹಾಕಿದರೆ ಆ ಐಬನ್ನು ನಾನೇ ಒಪ್ಪಿಕೊಂಡಂತೆ. ಕೊನೆಯ ದಿನ ಅರ್ಜಿಯ ಜೊತೆಗೇ ಅಂಚೆಗೆ ಹಾಕಿ, ಮರುಕ್ಷಣವೇ ಪಶ್ಚಾತ್ತಾಪಪಟ್ಟೆ. ಎರಡು ತಿಂಗಳು ಪೋಸ್ಟಮನ್ನನ ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಸೀಟು ಸಿಕ್ಕಿತು. ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನ ಅಲ್ಲಿಯ ಗುಮಾಸ್ತರು ನನ್ನ ಕಾಗದಗಳನ್ನು ಬಿಚ್ಚಿದರು. ನಡುವೆ ಆ ಲಕೋಟೆ, ಮಾಸ್ತರರ ಸಹಿ ಮುಕ್ಕಾಗದೆ, ಹಾಗೇ ಇತ್ತು.

“ಇದನ್ನ ಒಡದ ನೋಡಿಲ್ಲೇನ್ರಿ?”

“ಬೇಕಂತ ಕೇಳಿದ್ದಲ್ಲಲ್ರಿ ಬಾಯಾರ. ಯಾರ ಓದ್ತಾರ? ಸೀಟಂತೂ ಸಿಕ್ಕೇತಿ, ನಡೀರಿ.”

ಬದುಕಿದೆ ಎಂದು ಹೊರಡಬೇಕಿತ್ತು. ಆದರೆ ಅಷ್ಟೆಲ್ಲ ಚಡಪಡಿಸಿದ್ದು ಯಾರೂ ಓದದ ಪತ್ರಕ್ಕೇ? ಓದಲೇಬೇಕು ಎಂದು ಮೇಜಿನ ಮುಂದೆ ನಿಂತೆ. ನನ್ನ ಹಿಂದೆ ಸಾಲು ಬೆಳೆದು ಅಂಗಳಕ್ಕಿಳಿಯಿತು. ಗುಮಾಸ್ತರು ಸೋತು ಲಕೋಟೆ ಹರಿದರು, ಕೊನೆಯ ಸಾಲಿನವರೆಗೂ ಓದಿದರು, ನಿಧಾನವಾಗಿ ನನ್ನ ಮುಖ ನೋಡಿದರು.

“ಎಲ್ಲಾ ಖರೇನ ಬರದಾರ್ರಿ,” ಎಂದರು.

“ಎಲ್ಲಾ ಅಲ್ರಿ,” ಎಂದೆ. “ನನ್ನ ರೊಟ್ಟಿ ದಪ್ಪ ಆಗತಾವು. ಅದನ್ನಷ್ಟ ತಿದ್ದಿಕೋರಿ.”