ಕಿವಿಯ ಮಕ್ಕಳು, ಕಣ್ಣಿನ ಪಾಠ

ನಾನು ಯಾವ ಊರಿಗೆ ಕೆಲಸಕ್ಕೆ ಹೋದರೂ ಸೂಟ್‌ಕೇಸಿಗಿಂತ ಮೊದಲು ನನ್ನ ಎದೆಬಡಿತ ಅಲ್ಲಿಗೆ ತಲುಪಿರುತ್ತದೆ. ಅದರ ಹಿಂದೆಯೇ ಒಂದಲ್ಲ ಒಂದು ಫಜೀತಿ. ಮಸ್ಕತ್, ನೈರೋಬಿ ಮುಗಿಸಿ ಈಗ ಐರ್ಲೆಂಡಿನ ಟಾಲಾದ ಒಂದು ಪುಟ್ಟ ಕ್ರೈಸ್ತ ಶಾಲೆಯಲ್ಲಿದ್ದೇನೆ. ಲ್ಯಾಟಿನ್, ತರ್ಕ, ಸ್ತೋತ್ರಗೀತೆ, ಎಲ್ಲ ಹಳೇ ಪದ್ಧತಿ. ಮಕ್ಕಳಿಗೆ ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಸುವುದು ನನ್ನ ಕೆಲಸ. ನಾನು ಸೇರಿದ ದಿನವೇ ಪ್ರಿನ್ಸಿಪಾಲರು ಶಾಂತವಾಗಿ ಹೇಳಿದ್ದರು: ವರ್ಷದ ಕೊನೆಯ ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಎಂದೂ ಕೇಳದ ಹಾಡೊಂದರ ಹಾಳೆ ಕೊಡುತ್ತೇನೆ, ಅದನ್ನು ನೋಡಿ ಹಾಡಿದರೆ ನಿಮ್ಮ ಕೆಲಸ ಖಾಯಂ. ಹಾಡದಿದ್ದರೆ ಏನೆಂದು ಹೇಳಲಿಲ್ಲ. ನಾನು ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಲಿಲ್ಲ.

ತಲೆಕೆಳಗು

ಮಕ್ಕಳು ಬೇಗ ಕಲಿತರು. ಎಷ್ಟು ಬೇಗ ಎಂದರೆ ನನಗೇ ಅನುಮಾನ ಬಂತು. ಒಮ್ಮೆ ಹಾಡಿ ತೋರಿಸಿದರೆ ಸಾಕು, ಹಾಳೆ ಹಿಡಿದು ತಪ್ಪಿಲ್ಲದೆ ಹಾಡುತ್ತಿದ್ದರು. ಮುಂದಿನ ಸಾಲಿನ ಹುಡುಗಿಯ ಹಿಂದೆ ಹೋಗಿ ನಿಂತೆ. ಮೈಸೂರಿನ ಡಾಕ್ಟರೊಬ್ಬರ ಮಗಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ. ಹಾಳೆ ತಲೆಕೆಳಗಾಗಿತ್ತು. ಇದೇನಮ್ಮ ಎಂದರೆ, ಇಲ್ಲಿ ಪಿಟೀಲು, ಕೊಳಲು ಎಲ್ಲ ಕಿವಿಯಲ್ಲೇ ಕಲಿಯೋದು ಎಂದು ನನಗೇ ತಿಳಿಹೇಳಿದಳು.

"ಎಲ್ಲಾ ಗ್ರ್ಯಾಂಡ್, ಮಿಸ್. ಚಿಂತೆ ಬೇಡ. ಹಾಳೆ ಇದ್ರೆ ಕೈಗೊಂದು ಕೆಲಸ."

ತೊಡೆ ತಟ್ಟುವ ಕಾಯಿಲೆ

ಅಂದಿನಿಂದ ಹಾಡಿ ತೋರಿಸುವುದನ್ನೇ ನಿಲ್ಲಿಸಿದೆ. ಸ್ವರಗಳ ಉದ್ದ ಎಣಿಸಲು ಮಾತ್ರ ಚಿಕ್ಕಂದಿನಲ್ಲಿ ಕಲಿತ ಆದಿತಾಳವನ್ನೇ ಹಿಡಿದೆ: ತೊಡೆಗೊಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಮಕ್ಕಳಿಗೆ ಭಾರಿ ಇಷ್ಟವಾಯಿತು. ಒಂದು ಸಂಜೆ ಆ ಹುಡುಗಿಯ ಅಮ್ಮ ಆಸ್ಪತ್ರೆಯಿಂದಲೇ ಫೋನ್ ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಇವಳು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗ ತೊಡೆ ತಟ್ಕೊಂಡು ಬೆರಳು ಮಡಚ್ತಾಳೆ. ಸ್ಕೂಲಲ್ಲಿ ಏನಾದ್ರೂ ಟೆನ್ಷನ್ ಇದೆಯಾ?"

ಟೆನ್ಷನ್ ಇರೋದು ನನಗೆ ಎನ್ನಲಿಲ್ಲ. ಅದು ತಾಳ ಎಂದೆ. ಮೈಸೂರಿನವರು, ಕಚೇರಿ ನೋಡಿಲ್ಲವೇ ಎಂದೂ ಕೇಳಿದೆ.

"ನೋಡಿದ್ದೀನಿ ಮೇಡಂ. ಆದ್ರೆ ಕಣ್ಮುಚ್ಚಿ ಸುಮ್ನೆ ಕೂತು ಹಾಗೆ ಮಾಡಿದ್ರೆ, ನಮ್ಮ ವಾರ್ಡಲ್ಲಿ ಅದಕ್ಕೆ ಬೇರೆ ಹೆಸರು."

ಮೂರನೆಯ ಸಾಲು

ಸಭೆಯ ದಿನ ಪ್ರಿನ್ಸಿಪಾಲರು ತಮ್ಮ ಅಜ್ಜಿಯ ಕಾಲದ ಗೀತೆಯೊಂದನ್ನು ಸ್ವಂತ ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದರು. ಆಮೇಲೆ, ಶ್ರುತಿ ಕೊಡುತ್ತೇನೆಂದು ಪಿಯಾನೋ ಮುಂದೆ ಕುಳಿತವರು ಮೈಮರೆತು ಇಡೀ ಹಾಡನ್ನೇ ನುಡಿಸಿಬಿಟ್ಟರು. ಈ ಮಕ್ಕಳಿಗೆ ಇನ್ನು ಹಾಳೆ ಯಾಕೆ? ಸರಿಯಾಗಿ ಹಾಡಿದರೂ ಓದಿ ಹಾಡಿದರೆಂದು ಯಾರು ನಂಬುತ್ತಾರೆ? ನಾನಂತೂ ನಂಬುವುದಿಲ್ಲ.

ಮಕ್ಕಳು ತೊಡೆ ತಟ್ಟಿ ಶುರುಮಾಡಿದರು. ಎರಡು ಸಾಲು ಚೆನ್ನಾಗಿಯೇ ಬಂತು. ಮೂರನೆಯ ಸಾಲಿನ ಕೊನೆಗೆ ಎಲ್ಲರೂ ಒಟ್ಟಾಗಿ, ಪೂರ್ತಿ ಭಕ್ತಿಯಿಂದ, ಕರ್ಕಶವಾದ ಒಂದು ಸ್ವರದ ಮೇಲೆ ಹೋಗಿ ನಿಂತರು. ನಾನು ಮನಸ್ಸಿನಲ್ಲೇ ಸೂಟ್‌ಕೇಸಿನ ಜಿಪ್ ಎಳೆದೆ.

ಪ್ರಿನ್ಸಿಪಾಲರು ಕೈಯೆತ್ತಿ ನಿಲ್ಲಿಸಿ, ನಾನು ನುಡಿಸಿದ್ದು ಹೀಗಲ್ಲವಲ್ಲ ಎಂದರು. ಅದೇ ಹುಡುಗಿ ಎದ್ದು ನಿಂತಳು. ಹಾಳೆ ನೆಟ್ಟಗಿತ್ತು.

"ಹೌದು ಸರ್, ನೀವು ನುಡಿಸಿದ್ದು ಬೇರೆ. ಹಾಳೇಲಿ ಇರೋದು ಇದು."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆ ಸ್ವರವನ್ನು ತಪ್ಪಿ ಒಂದು ಗೆರೆಯಷ್ಟು ಮೇಲಕ್ಕೆ ಬರೆದುಬಿಟ್ಟಿದ್ದರು. ಕಿವಿಗೆ ಬಿದ್ದದ್ದನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನೇ ಹಾಡಿದ್ದಾರೆಂದ ಮೇಲೆ ಬೇರೆ ಪುರಾವೆ ಬೇಕೇ? ಕೆಲಸ ಖಾಯಂ ಎಂದು ಅಲ್ಲೇ, ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಹಿಂದೆ ಕುಳಿತಿದ್ದ ಅಪ್ಪ ಅಮ್ಮಂದಿರು ಆ ಸಾಲನ್ನು ಕಿವಿಯಲ್ಲೇ ಕಲಿತುಬಿಟ್ಟಿದ್ದರು. ಇವತ್ತಿಗೂ ಹಾಗೇ ಹಾಡುತ್ತಾರೆ. ಆ ಸ್ವರ ಹತ್ತಿರ ಬಂದಾಗ ಪ್ರಿನ್ಸಿಪಾಲರಿಗೆ ಮಾತ್ರ ಕೆಮ್ಮು ಬರುತ್ತದೆ.